ಕಚಿನ್ಸ್ಕಿ ಕುರಿತ ನಿಮ್ಮ ಲೇಖನ ಈಗಲೇ ಅಚ್ಚಿಗೆ ಹೋಗದು

ಪ್ರಿಯರೆ, ನಮಸ್ಕಾರ.

ಪೋಲೆಂಡಿನ ಸಂಪ್ರದಾಯವಾದಿ ನಾಯಕ ಯಾರೊಸ್ವಾಫ್ ಕಚಿನ್ಸ್ಕಿ ಅವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲು ಆಗದು. ಆದರೆ ಆರಿಸಿಕೊಂಡ ವಿಷಯ ಗಟ್ಟಿಯಾಗಿದೆ. ಹಾಗಾಗಿ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳದೆ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಬರಹ 1949ರಲ್ಲಿ ವಾರ್ಸಾದಲ್ಲಿ ಹುಟ್ಟಿದಲ್ಲಿಂದ ಹೊರಟು ಸೆನೆಟರ್, ರಾಷ್ಟ್ರಾಧ್ಯಕ್ಷರ ಕಚೇರಿಯ ಮುಖ್ಯಸ್ಥ, ಪ್ರಧಾನಿ, ಉಪಪ್ರಧಾನಿ ಎಂದು ಹುದ್ದೆಯಿಂದ ಹುದ್ದೆಗೆ ಸಾಗುತ್ತದೆ. ನೌಕರಿ ಅರ್ಜಿಗೆ ಲಗತ್ತಿಸಿದ ಬಯೋಡೇಟಾ ಓದಿದಂತಾಯಿತು. ಈ ಮನುಷ್ಯರ ವಿಷಯದಲ್ಲಂತೂ ಹುದ್ದೆಗಳೇ ದಾರಿ ತಪ್ಪಿಸುತ್ತವೆ. ಅವರು ಪ್ರಧಾನಿಯಾಗಿದ್ದದ್ದು 2006ರ ಜುಲೈನಿಂದ 2007ರ ನವೆಂಬರ್‌ವರೆಗೆ, ಒಂದೂವರೆ ವರ್ಷವೂ ಅಲ್ಲ. ಮಿತ್ರಪಕ್ಷಗಳ ಜೊತೆ ಕಿತ್ತಾಟ, ಅವಧಿಗೆ ಮೊದಲೇ ಚುನಾವಣೆ, ವಿರೋಧಪಕ್ಷದ ನಾಯಕ ಡೊನಾಲ್ಡ್ ಟುಸ್ಕ್ ಎದುರು ಸೋಲು. ಇದಕ್ಕೆ ನೀವು ಪುಟಗಟ್ಟಲೆ ಕೊಟ್ಟಿದ್ದೀರಿ.

2015ರ ಗೆಲುವಿನ ನಂತರ 2020ರ ಅಕ್ಟೋಬರ್‌ವರೆಗೆ ಅವರಿಗೆ ಸರ್ಕಾರದಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಬರೀ ಸಂಸದ, ‘ಕಾನೂನು ಮತ್ತು ನ್ಯಾಯ’ ಪಕ್ಷದ ಅಧ್ಯಕ್ಷ. ಅಷ್ಟಿದ್ದೂ ಬೆಯಾತಾ ಶಿದ್ವೊ ಪ್ರಧಾನಿಯಾದದ್ದು, 2017ರಲ್ಲಿ ಅವರು ಇಳಿದು ಮೊರಾವ್ಯೆತ್ಸ್ಕಿ ಬಂದದ್ದು ಕಚಿನ್ಸ್ಕಿ ಒಪ್ಪಿದ್ದರಿಂದ. ಪಕ್ಷದ ಕಚೇರಿ ಇದ್ದ ನೊವೊಗ್ರೊದ್ಸ್ಕಾ ಬೀದಿಯ ಹೆಸರು ಹೇಳಿದರೆ ಸಾಕು, ಅಪ್ಪಣೆ ಯಾರದ್ದೆಂದು ಪೋಲಿಷ್ ಓದುಗರಿಗೆ ತಿಳಿಯುತ್ತಿತ್ತು. ಈ ಐದು ವರ್ಷಗಳನ್ನು ನೀವು ಮೂರೇ ವಾಕ್ಯದಲ್ಲಿ ದಾಟಿದ್ದೀರಿ. ಲೇಖನ ಇರುವುದೇ ಅಲ್ಲಿ! ಇದರ ಬೇರು 2005ರಲ್ಲೂ ಸಿಗುತ್ತದೆ. ಪಕ್ಷ ಗೆದ್ದಿತ್ತು, ಆದರೆ ಅವಳಿ ತಮ್ಮ ಲೆಕ್ ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಂತಿದ್ದರು. ಎರಡೂ ಗದ್ದುಗೆಗಳಲ್ಲಿ ಒಂದೇ ಮುಖವೆಂದರೆ ಜನ ಹಿಂಜರಿದಾರು ಎಂದು ಅಣ್ಣ ಹಿಂದೆ ಸರಿದು ಮಾರ್ಚಿನ್ಕೇವಿಚ್ ಎಂಬವರನ್ನು ಪ್ರಧಾನಿ ಮಾಡಿದರು.

‘2015ರಲ್ಲಿ ಬಹುಪಾಲು ಪೋಲಿಷರು ಅವರ ಬೆನ್ನಿಗೆ ನಿಂತರು’ ಎಂದು ಬರೆದಿದ್ದೀರಿ. ಇದು ತಪ್ಪು. ಪಕ್ಷಕ್ಕೆ ಬಂದದ್ದು ಶೇಕಡಾ 37.6 ಮತ, 460ರಲ್ಲಿ 235 ಸ್ಥಾನ. ಅಲ್ಲಿ ಕೆಳಮನೆಗೆ ಕಾಲಿಡಲು ಪಕ್ಷಕ್ಕೆ ಶೇಕಡಾ 5, ಮೈತ್ರಿಕೂಟಕ್ಕೆ ಶೇಕಡಾ 8 ಮತ ಬೇಕು. ಎಡಪಂಥೀಯರ ಕೂಟ ಆ 8ಕ್ಕೆ ಸ್ವಲ್ಪದರಲ್ಲಿ ಎಡವಿತು, ಅವರ ಮತಗಳು ಲೆಕ್ಕಕ್ಕಿಲ್ಲದಾಗಿ, ಒಳಬಂದ ಪಕ್ಷಗಳ ಪಾಲಿನ ಸ್ಥಾನಗಳು ಹೆಚ್ಚಿದವು. ಇದನ್ನು 1993ರ ಪಕ್ಕದಲ್ಲಿಟ್ಟು ನೋಡಿ. ಆಗ ರಾಷ್ಟ್ರಾಧ್ಯಕ್ಷರಾಗಿದ್ದ ಲೆಕ್ ವಾಲೆಸಾ ಜೊತೆ ಮುನಿಸಿಕೊಂಡು ಹೊರಬಂದಿದ್ದ ಕಚಿನ್ಸ್ಕಿ ಅವರ ಪಕ್ಷವೇ ಇಂಥ ಹೊಸ್ತಿಲು ದಾಟಲಾಗದೆ ಹೊರಗುಳಿದಿತ್ತು. ಅವರನ್ನು ಬೀದಿಗೆ ತಂದ ನಿಯಮವೇ ಇಪ್ಪತ್ತೆರಡು ವರ್ಷಗಳ ಮೇಲೆ ಅವರಿಗೆ ಬಹುಮತ ಕೊಟ್ಟಿತು. ಇಂಥದ್ದು ಕೈಯಲ್ಲಿದ್ದೂ ನೀವು ‘ಉಕ್ಕಿನ ಮನುಷ್ಯ’ ಎಂದು ಬರೆದು ಮುಂದೆ ಹೋದಿರಿ.

ರಷ್ಯಾದ ಸ್ಮೊಲೆನ್ಸ್ಕ್‌ನ ವಿಮಾನ ದುರಂತದ ಭಾಗ ನನಗೆ ಸರಿಬರಲಿಲ್ಲ. 2010ರ ಏಪ್ರಿಲ್ 10ರಂದು ಕತಿನ್ ಹತ್ಯಾಕಾಂಡದ (1940ರಲ್ಲಿ ಸೋವಿಯತ್ ಪೊಲೀಸರು ಸಾವಿರಾರು ಪೋಲಿಷ್ ಸೇನಾಧಿಕಾರಿಗಳನ್ನು ಕೊಂದದ್ದು) 70ನೇ ಸ್ಮರಣೆಗೆ ಹೊರಟಿದ್ದ ವಿಮಾನ ಬಿದ್ದು, ಆಗ ರಾಷ್ಟ್ರಾಧ್ಯಕ್ಷರಾಗಿದ್ದ ತಮ್ಮ ಲೆಕ್, ಅವರ ಪತ್ನಿ ಮರಿಯಾ ಸೇರಿ 96 ಮಂದಿ ಸತ್ತರು. ‘ಇದು ಸಂಚು ಎನ್ನುವವರೂ ಇದ್ದಾರೆ’ ಎಂದು ತೇಲಿಸಿ ಬಿಡಬೇಡಿ. ದಟ್ಟ ಮಂಜಿನಲ್ಲಿ ವಿಮಾನ ಇಳಿಯಬಾರದಷ್ಟು ಕೆಳಗಿಳಿಯಿತು ಎಂದು 2011ರಲ್ಲಿ ಪೋಲೆಂಡಿನ ಸರ್ಕಾರಿ ತನಿಖಾ ಆಯೋಗ ಹೇಳಿತು. ಕಚಿನ್ಸ್ಕಿ ಅದನ್ನು ಒಪ್ಪಲಿಲ್ಲ. ಪ್ರತಿ ತಿಂಗಳ ಹತ್ತನೇ ತಾರೀಕು ವಾರ್ಸಾದಲ್ಲಿ ಸ್ಮರಣೆ ನಡೆಸುತ್ತ ಬಂದರು. ಅಣ್ಣನ ದುಃಖವೂ ಪಕ್ಷದ ಲೆಕ್ಕಾಚಾರವೂ ಒಂದರೊಳಗೊಂದು ಸೇರಿಹೋದ ಜಾಗ ಇದು. ಎರಡನ್ನೂ ಬರೆಯುವ ಧೈರ್ಯ ಮಾಡಿ.

‘ದೇಶಭಕ್ತ’, ‘ಪ್ರಜಾಪ್ರಭುತ್ವದ ಶತ್ರು’ ಎರಡೂ ಒಂದೇ ಪುಟದಲ್ಲಿವೆ. ಎರಡನ್ನೂ ತೆಗೆದು, ನಡೆದದ್ದನ್ನು ಇಡಿ: 2016ರಿಂದ ಮಕ್ಕಳಿರುವ ಕುಟುಂಬಗಳಿಗೆ ಮಗುವಿಗೆ ತಿಂಗಳಿಗೆ 500 ಝ್ಲೋಟಿ, ಮೊದಲಿಗೆ ಎರಡನೇ ಮಗುವಿನಿಂದ, ಸಾಂವಿಧಾನಿಕ ನ್ಯಾಯಮಂಡಳಿಯ ನೇಮಕಗಳ ಜಗಳ, 2017ರ ಡಿಸೆಂಬರ್‌ನಲ್ಲಿ ನ್ಯಾಯಾಂಗದ ಸ್ವಾತಂತ್ರ್ಯದ ವಿಷಯದಲ್ಲಿ ಪೋಲೆಂಡಿನ ವಿರುದ್ಧ ಐರೋಪ್ಯ ಆಯೋಗ ಹೂಡಿದ ಕ್ರಮ, 2020ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದ ತೀರ್ಪು, ಬೀದಿಗಿಳಿದ ಹೆಂಗಸರು. ಭತ್ಯೆ ಪಡೆದ ಹಳ್ಳಿಯ ತಾಯಿಗೂ ಪಟ್ಟಣದಲ್ಲಿ ಫಲಕ ಹಿಡಿದವಳಿಗೂ ಈ ಮನುಷ್ಯ ಬೇರೆ ಬೇರೆಯಾಗಿ ಕಂಡದ್ದು ಹೇಗೆಂದು ಆಗ ಓದುಗರಿಗೇ ಹೊಳೆಯುತ್ತದೆ.

ಅವಳಿಗಳು ಹುಡುಗರಾಗಿದ್ದಾಗ ಮಕ್ಕಳ ಸಿನಿಮಾದಲ್ಲಿ ನಟಿಸಿದ್ದು ಎರಡು ಸಾಲಿಗೆ ಇಳಿಯಲಿ. ಬೆಕ್ಕಿನ ಪ್ರೀತಿ ಒಂದು ಸಾಲಿಗೆ. ನಮ್ಮೂರ ರಾಜಕಾರಣಿಯೊಬ್ಬರ ಜೊತೆಗಿನ ಹೋಲಿಕೆಯನ್ನು ಪೂರ್ತಿ ಕಿತ್ತುಹಾಕಿ. ಓದುವವರು ಪೋಲೆಂಡ್ ಮರೆತು ನಮ್ಮವರ ಬಗ್ಗೆ ಜಗಳಕ್ಕಿಳಿಯುತ್ತಾರೆ.

2023ರ ಚುನಾವಣೆಯವರೆಗೆ ತನ್ನಿ. ಅಲ್ಲಿ ಪಕ್ಷ ಮೊದಲ ಸ್ಥಾನದಲ್ಲಿದ್ದೂ 194 ಸ್ಥಾನಕ್ಕೆ ನಿಂತು ಅಧಿಕಾರ ಕಳೆದುಕೊಂಡಿತು. ಮೊದಲು 2015–20ರ ಭಾಗವನ್ನಷ್ಟೇ ಬರೆದು ಕಳಿಸಿ, ನೋಡಿ ಹೇಳುತ್ತೇನೆ. ಉಳಿದದ್ದನ್ನು ಆಮೇಲೆ ಜೋಡಿಸೋಣ.

ಇತಿ,
ಸಂಪಾದಕ