ಕಲ್ಲಿಗೆ ಮೈ ಉಜ್ಜುವ ಮೀನು ಆಟ ಆಡುತ್ತಿರುವುದಿಲ್ಲ

ನಿಮ್ಮ ಪ್ರಶ್ನೆ ಇಷ್ಟು. ಮಗಳ ಹುಟ್ಟುಹಬ್ಬಕ್ಕೆ ತಂದ ಗೋಲ್ಡ್‌ಫಿಶ್ ಎರಡು ದಿನದಿಂದ ಗಾಜಿನ ಬೌಲ್‌ನ ತಳದಲ್ಲಿ ಸುಮ್ಮನೆ ಕೂತಿದೆ. ಅದಕ್ಕೆ ನೋವಾಗುತ್ತಿದೆಯಾ, ಬೇಜಾರಾಗಿದೆಯಾ ಎಂದು ಮಗಳು ಕೇಳುತ್ತಿದ್ದಾಳೆ. "ಮೀನಿಗೆಂಥ ನೋವು" ಎಂದು ಮನೆಯ ಹಿರಿಯರು ನಗುತ್ತಿದ್ದಾರೆ. ಯಾರ ಮಾತು ಸರಿ?

ನಿಮ್ಮ ಮಗಳದ್ದು. ನೋವಿನ ಮಟ್ಟಿಗಂತೂ ಅವಳದ್ದೇ. ಬೇಜಾರಿನ ವಿಷಯ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೀನು ಇನ್ನೂ ತಳದಲ್ಲೇ ಇದ್ದರೆ ಮಾತ್ರ ಇದನ್ನೆಲ್ಲ ಓದುತ್ತಾ ಕೂರಬೇಡಿ. ಮೊದಲು ಕೆಳಗೆ ನೀರು ಬದಲಿಸುವ ಬಗ್ಗೆ ಬರೆದಿರುವುದನ್ನು ಓದಿ, ಆ ಕೆಲಸ ಮುಗಿಸಿ ಬನ್ನಿ.

ನಾನು ವಿಜ್ಞಾನಿ ಅಲ್ಲ. ಹಾಸನದಲ್ಲಿ ಒಂಬತ್ತು ವರ್ಷ ಬೇರೆಯವರ ಮೀನಿನ ಟ್ಯಾಂಕ್ ತೊಳೆದು ಹೊಟ್ಟೆ ಹೊರೆದವನು. ಹೋಟೆಲು, ಹಲ್ಲಿನ ಡಾಕ್ಟರ ಕ್ಲಿನಿಕ್, ಚಿನ್ನದಂಗಡಿ, ಒಂದೆರಡು ದೊಡ್ಡ ಮನೆ. ಬೈಕಿನ ಹಿಂದೆ ಎರಡು ಬಕೆಟ್, ಒಂದು ಉದ್ದನೆಯ ಪೈಪು, ಒಂದು ಬಲೆ. ವಾರಕ್ಕೊಮ್ಮೆ ಹೋಗಿ ತಳದ ಕೊಳೆ ಎಳೆದು, ಗಾಜು ಉಜ್ಜಿ, ಹೊಸ ನೀರು ತುಂಬಿ ಬರುತ್ತಿದ್ದೆ. ಆ ಕೆಲಸದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳಿನಿಂದಲೇ ಶುರು ಮಾಡುತ್ತೇನೆ. ಅದು ಸುಳ್ಳು ಎಂದು ಆಗ ನನಗೂ ಗೊತ್ತಿರಲಿಲ್ಲ.

ಒಂದು ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ನಾಲ್ಕು ಅಡಿಯ ಟ್ಯಾಂಕ್ ಇತ್ತು. ಗೋಲ್ಡ್‌ಫಿಶ್, ಮಾಲಿ, ಎಲ್ಲ ಸೇರಿ ಹದಿನೆಂಟು ಮೀನು. ಒಂದು ದಿನ ಹೋದಾಗ ಅವು ಜೋರಾಗಿ ಕೆಳಗೆ ನುಗ್ಗಿ, ಅಡ್ಡ ಮಗುಚಿ, ತಳದ ಕಲ್ಲಿಗೆ ಮೈ ಸವರಿ ಮೇಲೆ ಹಾರುತ್ತಿದ್ದವು. ಮಗುಚಿದಾಗಲೆಲ್ಲ ಹೊಟ್ಟೆ ಫಳಕ್ ಅಂತ ಮಿಂಚುತ್ತಿತ್ತು. ಇಡ್ಲಿ ತಿನ್ನುತ್ತಿದ್ದ ಮಕ್ಕಳು ಚಪ್ಪಾಳೆ ಹೊಡೆದವು. "ಏನಪ್ಪಾ, ಇವಕ್ಕೆ ಇಷ್ಟು ಖುಷಿ?" ಎಂದು ಓನರ್ ಕೇಳಿದರು. "ಹೋದ ವಾರ ನೀರು ಬದಲಾಯಿಸಿದೆನಲ್ಲ ಸಾರ್, ಆಟ ಆಡ್ತಾವೆ" ಎಂದೆ.

ನಾಲ್ಕೈದು ದಿನಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಮೀನುಗಳ ಮೈಮೇಲೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ವೈಟ್ ಸ್ಪಾಟ್ ಎನ್ನುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದು ಮೀನಿನ ಚರ್ಮದಡಿಗೆ, ಕಿವಿರಿನೊಳಗೆ ಕೊರೆದುಕೊಂಡು ಹೋಗಿ ಅಲ್ಲೇ ಬೆಳೆಯುತ್ತದೆ. ಚುಕ್ಕೆ ಕಾಣುವ ಮೊದಲೇ ಮೀನು ಕಲ್ಲಿಗೆ ಮೈ ಉಜ್ಜಲು ಶುರು ಮಾಡಿರುತ್ತದೆ. ಮಕ್ಕಳು ಚಪ್ಪಾಳೆ ಹೊಡೆದಿದ್ದು ಅದಕ್ಕೆ. ಹದಿನೆಂಟರಲ್ಲಿ ಹನ್ನೊಂದು ಸತ್ತವು. ರೋಗ ಬಂದಿದ್ದು ಬಹುಶಃ ನನ್ನ ಬಲೆಯಿಂದಲೇ. ಊರಿನ ಎಲ್ಲ ಟ್ಯಾಂಕಿಗೂ ಒಂದೇ ಬಲೆ ಅದ್ದುತ್ತಿದ್ದೆ, ನಡುವೆ ಒಣಗಿಸುತ್ತಲೂ ಇರಲಿಲ್ಲ.

ಇದು ಮನಸ್ಸಿನಲ್ಲೇ ಕೊರೆಯುತ್ತಿತ್ತು. ಆಮೇಲೆ ಯಾವಾಗಲೋ 2003ರ ಒಂದು ಪ್ರಯೋಗದ ಬಗ್ಗೆ ಓದಿದೆ. ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಯವರು ರೇನ್‌ಬೋ ಟ್ರೌಟ್ ಎಂಬ ಮೀನಿನ ಮೇಲೆ ಮಾಡಿದ್ದು. ಮೊದಲು ಅದರ ತಲೆ ಮುಖದ ಮೇಲೆ ಮುಟ್ಟಿದ್ದು ತಟ್ಟಿದ್ದನ್ನು ಗ್ರಹಿಸುವ 58 ಬಿಂದುಗಳನ್ನು ಹುಡುಕಿದರು. ಅದರಲ್ಲಿ 22 ನೋವಿನವು, ಅಂದರೆ ಗಾಯವಾಗುವಂಥದ್ದು ತಾಗಿದಾಗ ನರದ ಮೂಲಕ ಸುದ್ದಿ ಕಳಿಸುವಂಥವು. ಆಮೇಲೆ ಕೆಲವು ಮೀನುಗಳ ತುಟಿಗೆ ಜೇನುನೊಣದ ವಿಷ ಚುಚ್ಚಿದರು, ಕೆಲವಕ್ಕೆ ವಿನೆಗರ್‌ನಲ್ಲಿರುವ ಆಮ್ಲ. ಹೋಲಿಸಿ ನೋಡಲು ಇನ್ನು ಕೆಲವಕ್ಕೆ ಬರೀ ಉಪ್ಪುನೀರು. ಉಪ್ಪುನೀರಿನವು ಸುಮಾರು 1 ಗಂಟೆ 20 ನಿಮಿಷಕ್ಕೆ ಮತ್ತೆ ತಿನ್ನಲು ಬಂದವು. ವಿಷ, ಆಮ್ಲದವಕ್ಕೆ ಮೂರು ಗಂಟೆ ಬೇಕಾಯಿತು. ಅಲ್ಲಿಯವರೆಗೆ ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು, ತಳದಲ್ಲಿ ಕೂತು ಅತ್ತಿಂದಿತ್ತ ತೂಗುತ್ತಿದ್ದವು. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ತಳದ ಕಲ್ಲಿಗೆ ಉಜ್ಜುತ್ತಿದ್ದವು.

ಕಲ್ಲಿಗೆ ಉಜ್ಜುತ್ತಿದ್ದವು! ಅಲ್ಲಿಗೆ ಓದುವುದು ನಿಲ್ಲಿಸಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ.

ನಿಮ್ಮ ಮನೆಯ ಹಿರಿಯರ ಮಾತು ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಗೊರೂರಿನ ಹಿನ್ನೀರಿನಲ್ಲಿ ಮಾವನ ಜೊತೆ ಗಾಳ ಹಾಕುತ್ತಿದ್ದೆ. ದಡದ ಮೇಲೆ ಒದ್ದಾಡುವ ಮೀನು ನೋಡಿ ಕೇಳಿದ್ದಕ್ಕೆ ಮಾವ ಹೇಳುತ್ತಿದ್ದರು, "ಅದು ಒದ್ದಾಡೋದು ನೋವಿಗಲ್ಲ ಕಣ್ಲಾ, ನೀರಿಗೆ." ಹೀಗೆ ನಂಬಿದ ವಿಜ್ಞಾನಿಗಳೂ ಇದ್ದಾರೆ. ಅಮೆರಿಕದ ಜೇಮ್ಸ್ ರೋಸ್ 2002ರಲ್ಲಿ ಇದೇ ವಾದ ಮಂಡಿಸಿದರು. ನಮಗೆ ನೋವು ಅರಿವಿಗೆ ಬರುವುದು ಮೆದುಳಿನ ಹೊರಪದರದಿಂದ, ನಿಯೋಕಾರ್ಟೆಕ್ಸ್‌ನಿಂದ. ಮೀನಿಗೆ ಅದಿಲ್ಲ. ಹಾಗಾಗಿ ಮೀನು ಬೆಚ್ಚುತ್ತದೆ, ಒದ್ದಾಡುತ್ತದೆ, ಆದರೆ ನೋವು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಕಾದ ಕಾವಲಿ ತಾಗಿದಾಗ ಉರಿ ಗೊತ್ತಾಗುವ ಮೊದಲೇ ನಮ್ಮ ಕೈ ಹಿಂದಕ್ಕೆ ಬರುತ್ತದಲ್ಲ, ಆ ಥರ.

ತಳ್ಳಿಹಾಕುವ ವಾದ ಅಲ್ಲ ಇದು. ಆದರೆ ಎರಡು ವಿಷಯ ಇದಕ್ಕೆ ಒಗ್ಗುವುದಿಲ್ಲ. ಹಕ್ಕಿಗೂ ನಮ್ಮಂಥ ಆ ಪದರ ಇಲ್ಲ. ಹಾಗಂತ ಕಾಲು ಮುರಿದ ಕೋಳಿಗೆ ನೋವಿಲ್ಲ ಎನ್ನಲು ನಮ್ಮಲ್ಲಿ ಯಾರೂ ತಯಾರಿಲ್ಲ. ಇನ್ನೊಂದು, ಕಾವಲಿ ಮುಟ್ಟಿದ ಕೈ ಒಂದು ಕ್ಷಣದಲ್ಲಿ ಹಿಂದಕ್ಕೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಮೂರು ಗಂಟೆ ಊಟ ಬಿಟ್ಟು ಕೂರುವುದಿಲ್ಲ.

ಅದೇ ಸ್ನೆಡನ್ ಇನ್ನೊಂದು ಪರೀಕ್ಷೆ ಮಾಡಿದರು. ಟ್ರೌಟ್‌ಗೆ ಹೊಸ ವಸ್ತು ಕಂಡರೆ ಭಯ, ದೂರ ಹೋಗುತ್ತದೆ. ಟ್ಯಾಂಕಿನೊಳಗೆ ಮಕ್ಕಳ ಲೆಗೋ ಇಟ್ಟಿಗೆಯ ಗೋಪುರ ಇಳಿಸಿದರು. ಆರಾಮಾಗಿದ್ದ ಮೀನುಗಳು ದೂರ ಸರಿದವು. ಆಮ್ಲ ಚುಚ್ಚಿದವು ಗೋಪುರದ ಪಕ್ಕದಲ್ಲೇ ಸುಳಿದಾಡಿದವು, ಅದರ ಕಡೆ ಗಮನವೇ ಇಲ್ಲ. ನೋವು ಕಡಿಮೆ ಮಾಡುವ ಮಾರ್ಫಿನ್ ಕೊಟ್ಟ ಮೇಲೆ ಮತ್ತೆ ಹೆದರಿ ದೂರ ಹೋದವು. ಹಲ್ಲುನೋವು ಜೋರಾಗಿದ್ದಾಗ ಬಾಗಿಲಿಗೆ ಯಾರು ಬಂದರು ಎಂದು ನಾವು ತಿರುಗಿ ನೋಡುತ್ತೇವಾ?

ಜೀಬ್ರಾಫಿಶ್ ಮೇಲೂ ಇಂಥದ್ದೇ ಒಂದು ಮಾಡಿದ್ದಾರೆ. ನಮ್ಮ ದೇಶದ ತೊರೆಗಳದ್ದೇ ಮೀನು ಅದು, ಅಂಗಡಿಯಲ್ಲಿ ಜೀಬ್ರಾ ಡೇನಿಯೋ ಎಂದು ಮಾರುತ್ತಾರೆ. ಟ್ಯಾಂಕಿನ ಒಂದು ಕೋಣೆಯಲ್ಲಿ ಗಿಡ, ಕಲ್ಲು, ನೆರಳು. ಇನ್ನೊಂದು ಬೋಳು, ಕಣ್ಣು ಕುಕ್ಕುವ ಬೆಳಕು. ಸಹಜವಾಗಿ ಗಿಡದ ಕಡೆಗೇ ಹೋಗುತ್ತವೆ. ಆಮ್ಲ ಚುಚ್ಚಿ, ಬೋಳು ಕೋಣೆಯ ನೀರಿನಲ್ಲಿ ನೋವು ಕಡಿಮೆ ಮಾಡುವ ಔಷಧಿ ಕರಗಿಸಿದಾಗ ಮಾತ್ರ ಅವು ಇಷ್ಟದ ಜಾಗ ಬಿಟ್ಟು ಬೋಳು ಕೋಣೆಗೆ ಹೋದವು. ಮೀನಿನೊಳಗೆ ಹೊಕ್ಕು ನೋಡಿದವರು ಯಾರೂ ಇಲ್ಲ, ನಿಜ. ಪಕ್ಕದ ಮನೆಯವರೊಳಗೂ ನಾವು ಹೊಕ್ಕು ನೋಡಿಲ್ಲ. ನನ್ನ ಮಟ್ಟಿಗೆ ಇಷ್ಟು ಸಾಕು.

ಈಗ ಬೇಜಾರಿನ ವಿಷಯ. ಇಲ್ಲಿ ನಾನು ಸ್ವಲ್ಪ ಬಿಗಿ ಹಿಡಿಯುತ್ತೇನೆ. "ನನ್ನ ಮೀನಿಗೆ ನಾನಂದ್ರೆ ಪ್ರಾಣ, ನಾನು ಬಂದ್ರೆ ಓಡಿ ಬರುತ್ತೆ" ಎನ್ನುವವರು ಬಹಳ ಜನ. ಒಮ್ಮೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ, ಅಥವಾ ಶೃಂಗೇರಿಯ ತುಂಗೆಗೆ. ಮೆಟ್ಟಿಲ ಮೇಲೆ ನಿಂತು ಪುರಿ ಎರಚಿದರೆ ಮೊಳಕೈ ಉದ್ದದ ಮೀನುಗಳು ಒಂದರ ಮೇಲೊಂದು ಹತ್ತಿ ಬರುತ್ತವೆ. ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಮನುಷ್ಯರ ನೆರಳು ಬಿದ್ದರೆ ಊಟ ಎಂದು ಅವು ಕಲಿತಿವೆ. ನಿಮ್ಮ ಬೌಲ್‌ನಲ್ಲಿ ನಡೆಯುವುದೂ ಅದೇ. ಕಲಿಯುವುದೇನು ಸಣ್ಣ ವಿಷಯವಲ್ಲ. ಗೋಲ್ಡ್‌ಫಿಶ್ ನೆನಪು ಮೂರು ಸೆಕೆಂಡ್ ಎನ್ನುವುದು ಬರೀ ಸುಳ್ಳು. ಬಾಯಿಂದ ನೀರು ಉಗುಳಿ ಹುಳ ಬೀಳಿಸುವ ಆರ್ಚರ್ ಮೀನು ಪರಿಚಯದ ಮನುಷ್ಯ ಮುಖದ ಚಿತ್ರವನ್ನು ಬೇರೆ ಮುಖಗಳ ನಡುವೆ ಗುರುತಿಸಿ ಅದಕ್ಕೇ ಉಗುಳಿದ್ದನ್ನು 2016ರಲ್ಲಿ ತೋರಿಸಿದ್ದಾರೆ. ಮುಖ ಗುರುತಿಸುತ್ತದೆ ಅಂದರೆ ಪ್ರೀತಿಸುತ್ತದೆ ಅಂತಲ್ಲ, ಅಷ್ಟೇ.

ಹಾಗಾದರೆ ಒಳಗೆ ಏನೂ ಇಲ್ಲವಾ? ಇದೆ. 2019ರಲ್ಲಿ ಫ್ರಾನ್ಸಿನಲ್ಲಿ ಕಾನ್‌ವಿಕ್ಟ್ ಸಿಕ್ಲಿಡ್ ಮೀನುಗಳ ಮೇಲೆ ಒಂದು ಅಧ್ಯಯನ ನಡೆಯಿತು. ಮೈಮೇಲೆ ಕಪ್ಪು ಪಟ್ಟೆ, ಗಂಡು ಹೆಣ್ಣು ಜೋಡಿಯಾಗಿ ಮರಿ ಸಾಕುವ ಮೀನು. ಯಾವ ಡಬ್ಬದಲ್ಲಿ ತಿಂಡಿ ಇದೆ, ಯಾವುದು ಖಾಲಿ ಎಂದು ಹೆಣ್ಣು ಮೀನುಗಳಿಗೆ ಮೊದಲು ಕಲಿಸಿದರು. ಆಮೇಲೆ ಎರಡಕ್ಕೂ ಸೇರದ ಒಂದು ಡಬ್ಬ ಇಟ್ಟರು. ಇಷ್ಟಪಟ್ಟ ಗಂಡನ್ನು ಕಳೆದುಕೊಂಡು ಇಷ್ಟವಿಲ್ಲದ ಗಂಡಿನ ಜೊತೆ ಇರಬೇಕಾಗಿ ಬಂದ ಹೆಣ್ಣುಗಳು ಆ ಡಬ್ಬದ ಹತ್ತಿರ ಹೋಗಲು ಜಾಸ್ತಿ ಹೊತ್ತು ತೆಗೆದುಕೊಂಡವು. ಅದರಲ್ಲೂ ಏನೂ ಇರಲ್ಲ ಬಿಡು ಎನ್ನುವ ಹಾಗೆ. ಇದನ್ನು ಬೇಜಾರು ಎನ್ನುತ್ತೀರೋ ಬೇರೆ ಹೆಸರು ಇಡುತ್ತೀರೋ ನಿಮಗೆ ಬಿಟ್ಟಿದ್ದು. ನನಗೆ ಬೇರೆ ಪದ ಸಿಕ್ಕಿಲ್ಲ. ಭಯವಂತೂ ಒಂದರಿಂದ ಒಂದಕ್ಕೆ ಹರಡುತ್ತದೆ. ಬೇರೆ ಜೀಬ್ರಾಫಿಶ್‌ಗಳು ಹೆದರಿದ್ದನ್ನು ಗಾಜಿನಾಚೆ ನೋಡಿದ ಜೀಬ್ರಾಫಿಶ್ ಕೂಡ ಹೆದರಿ ನಿಂತುಬಿಡುತ್ತದೆ. ಅದಕ್ಕೆ ಆಕ್ಸಿಟೋಸಿನ್ ಬೇಕು ಎಂದು 2023ರಲ್ಲಿ ಪೋರ್ಚುಗಲ್‌ನವರು ತೋರಿಸಿದರು. ತಾಯಿಗೂ ಮಗುವಿಗೂ ನಂಟು ಬೆಸೆಯುವುದರಲ್ಲಿ ಕೈಯಿರುವ ಹಾರ್ಮೋನು ಅದು.

ಅಂದ ಹಾಗೆ ವಾಸ್ತು ಮೀನಿನ ಬಗ್ಗೆ ಒಂದು ಮಾತು. ಚಿನ್ನದಂಗಡಿಯಲ್ಲಿ ಅದೃಷ್ಟಕ್ಕೆಂದು ಸಾಕಿದ್ದ ಅರೋವಾನಾ ಮೀನು ಸತ್ತಾಗ "ಅಂಗಡಿಗೆ ಬರಬೇಕಿದ್ದ ಕೆಟ್ಟದ್ದನ್ನ ತಾನು ತಗೊಂಡು ಹೋಯ್ತು" ಎಂದು ಕೈ ಮುಗಿದರು. ಹೊಸದು ತಂದರು, ಅದೂ ಹೋಯಿತು. ಫಿಲ್ಟರ್ ಮೂರು ತಿಂಗಳಿಂದ ಕೆಟ್ಟಿತ್ತು, ಹೇಳಿ ಹೇಳಿ ನನಗೆ ಸಾಕಾಗಿತ್ತು. ಆ ಮೀನುಗಳು ತಗೊಂಡಿದ್ದು ಅಮೋನಿಯಾ, ಅವುಗಳ ಮೈಯಿಂದಲೇ ನೀರಿಗೆ ಸೇರುವ ವಿಷ.

ನಿಮ್ಮ ಬೌಲ್‌ನದ್ದೂ ಅದೇ ಇರಬೇಕು. ಮೀನು ಅಮೋನಿಯಾವನ್ನು ಹೆಚ್ಚಾಗಿ ಕಿವಿರಿನಿಂದಲೇ ಹೊರಗೆ ಬಿಡುತ್ತದೆ. ದೊಡ್ಡ, ಹಳೆಯ ಟ್ಯಾಂಕಿನಲ್ಲಿ ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸಿರುತ್ತದೆ. ಅದು ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಇಲ್ಲದ ಬೌಲ್‌ನಲ್ಲಿ ಅಮೋನಿಯಾ ಹಾಗೇ ಉಳಿದು ಅದೇ ಮೀನಿನ ಕಿವಿರು, ಚರ್ಮ ಸುಡುತ್ತದೆ. ಕಣ್ಣಿಗೆ ಹೊಗೆ ಹೊಡೆಯುವ ಅಡುಗೆಮನೆಯಲ್ಲಿ ಬಾಗಿಲು ಹಾಕಿ ಕೂರಿಸಿದ ಹಾಗೆ.

ಆದ್ದರಿಂದ ಇವತ್ತೇ ಮೂರರಲ್ಲಿ ಒಂದು ಪಾಲು ನೀರು ತೆಗೆದು ಅಷ್ಟೇ ಹೊಸ ನೀರು ಹಾಕಿ. ಪೂರ್ತಿ ಬದಲಿಸಬೇಡಿ, ಅದೂ ಒಂದು ಪೆಟ್ಟು. ಬ್ಲೀಚಿಂಗ್ ವಾಸನೆ ಬರುವ ನಲ್ಲಿ ನೀರನ್ನು ನೇರ ಸುರಿಯಬೇಡಿ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಕೇಳಿ, ಸಣ್ಣ ಬಾಟಲಿ ಕೊಡುತ್ತಾರೆ. ಸಿಗದಿದ್ದರೆ ಬಕೆಟ್‌ನಲ್ಲಿ ಹಿಡಿದು ಒಂದು ದಿನ ತೆರೆದಿಟ್ಟು ಹಾಕಿ. ಎರಡೂ ನೀರು ಒಂದೇ ತಣ್ಣಗಿರಲಿ. ಒಂದು ದಿನ ತಿಂಡಿ ಹಾಕಬೇಡಿ, ಹಸಿವಿಗೆ ಸಾಯುವುದಿಲ್ಲ, ತಿಂದು ಉಳಿಸಿದ್ದು ಕೊಳೆತು ಸಾಯುತ್ತದೆ. ನಾಳೆ, ನಾಡಿದ್ದೂ ಇಷ್ಟಿಷ್ಟೇ ಬದಲಿಸಿ. ಗೋಲ್ಡ್‌ಫಿಶ್ ನಮ್ಮ ಡಿಸೆಂಬರ್ ಚಳಿಗೆ ಜಗ್ಗುವುದಿಲ್ಲ, ಹೀಟರ್ ಬೇಡ. ಬದುಕಿದರೆ ಬೌಲ್‌ನಿಂದ ಮೊದಲು ಹೊರಗೆ ತನ್ನಿ. ಆ ಮೀನು ಗೇಣುದ್ದ ಬೆಳೆಯುತ್ತದೆ, ಚೆನ್ನಾಗಿ ಸಾಕಿದರೆ ಹತ್ತು ವರ್ಷ ದಾಟುತ್ತದೆ. ಫಿಲ್ಟರ್ ಇರುವ ಟ್ಯಾಂಕ್ ಬೇಕು. ಮಲೆನಾಡಿನ ಕಡೆಯವರಾದರೆ ಬ್ಯಾಟರಿಯ ಏರ್ ಪಂಪ್ ಕೂಡ ತೆಗೆದಿಡಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ.

ಮಗಳಿಗೆ "ನಿದ್ದೆ ಮಾಡ್ತಿದೆ" ಎಂದು ಹೇಳಬೇಡಿ, ನನ್ನ ಹಾಗೆ ಆಗುತ್ತದೆ. ನೀರು ಅದಕ್ಕೆ ಉರಿಯುತ್ತಿದೆ, ಬದಲಾಯಿಸೋಣ ಬಾ ಎಂದು ಕರೆದು ಕೈಗೊಂದು ಮಗ್ ಕೊಡಿ. ನೀರು ತೆಗೆಯುವ ಮೊದಲು ಕಿವಿರು ಬಡಿಯುವುದನ್ನು ನೋಡಲು ಹೇಳಿ. ಒಂದು ನಿಮಿಷಕ್ಕೆ ಎಷ್ಟು ಸಲ ಎಂದು ಈಗ ಎಣಿಸಿ ಬರೆದುಕೊಳ್ಳಲಿ, ನೀರು ಬದಲಿಸಿ ಒಂದು ಗಂಟೆ ಬಿಟ್ಟು ಮತ್ತೆ ಎಣಿಸಲಿ. ಎರಡು ನಂಬರನ್ನೂ ಇಲ್ಲಿ ಹಾಕಿ, ಮುಂದೇನು ಮಾಡಬೇಕು ಎಂದು ನೋಡಿ ಹೇಳುತ್ತೇನೆ.