ಪ್ರತಿಕ್ರಿಯೆ: ಅಮ್ಮನ ಪಿಂಚಣಿ ನಿಂತಿದೆ, ನೋಟಿಸ್ ಮಲಯಾಳದಲ್ಲಿದೆ, ಕನ್ನಡ ಅರ್ಜಿ ವಾಪಸ್ ಕೊಟ್ಟರು

ಕೇರಳದ ಸಾಮಾಜಿಕ ಭದ್ರತಾ ಪಿಂಚಣಿ ಹೆಚ್ಚಾಗಿ ಮಸ್ಟರಿಂಗ್ ಆಗದೆ ನಿಂತಿರುತ್ತದೆ, ಅಂದರೆ ಫಲಾನುಭವಿ ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಬೆರಳು ಒತ್ತಿ ತೋರಿಸುವ ಕೆಲಸ. ಆದಾಯ ಪ್ರಮಾಣಪತ್ರ ಹಳೆಯದಾದರೂ ನಿಲ್ಲುತ್ತದೆ. ನೋಟಿಸ್ ನೋಡದೆ ಇದೇ ಅಂತ ಖಂಡಿತ ಹೇಳಲಾರೆ.

ಮೊದಲು ಅಮ್ಮನ ಆಧಾರ್ ಮತ್ತು ಆ ನೋಟಿಸ್ ಹಿಡಿದು ಹತ್ತಿರದ ಅಕ್ಷಯ ಕೇಂದ್ರಕ್ಕೆ, ಅಂದರೆ ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಕೇಂದ್ರಕ್ಕೆ, ಹೋಗಿ. ಪಿಂಚಣಿ ದಾಖಲೆ ಇರುವ ಸೇವನ ಪೆನ್ಷನ್ ವೆಬ್‌ಸೈಟಿನಲ್ಲಿ ಯಾಕೆ ನಿಂತಿದೆ ಅಂತ ನೋಡಿ ಹೇಳುತ್ತಾರೆ. ಮಸ್ಟರಿಂಗ್ ಬಾಕಿ ಇದ್ದು ಅಮ್ಮ ಹಾಸಿಗೆ ಹಿಡಿದಿದ್ದರೆ ಹೊತ್ತುಕೊಂಡು ಹೋಗಬೇಡಿ, ಅಕ್ಷಯದವರೇ ಮನೆಗೆ ಬರುತ್ತಾರೆ, ಸ್ವಲ್ಪ ಶುಲ್ಕ ಇದೆ. ನಮ್ಮ ದೊಡ್ಡಮ್ಮನಿಗೆ ಬೀಡಿ ಕಟ್ಟಿ ಕಟ್ಟಿ ಬೆರಳು ಸವೆದು ಯಂತ್ರ ಒಪ್ಪಲೇ ಇಲ್ಲ. ಹಾಗಾದರೆ ಲೈಫ್ ಸರ್ಟಿಫಿಕೇಟ್ ಮಾಡಿಸಿ ಪಂಚಾಯತಿಗೆ ಕೊಟ್ಟರಾಯಿತು. ಆಧಾರ್‌ನಲ್ಲೂ ಪಿಂಚಣಿ ದಾಖಲೆಯಲ್ಲೂ ಹೆಸರು ಒಂದೇ ಇದೆಯಾ ನೋಡಿ. ನಮ್ಮ ಹೆಸರುಗಳು ಮಲಯಾಳಕ್ಕೆ ಹೋಗಿ ಬರುವಾಗ ಬೇರೆಯೇ ಆಗಿರುತ್ತವೆ ಅಲ್ವಾ.

ಆದಾಯ ಪ್ರಮಾಣಪತ್ರದ್ದೇ ತೊಂದರೆಯಾದರೆ ವಿಲೇಜ್ ಆಫೀಸಿಗೆ ಅರ್ಜಿ ಹಾಕಿ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ದಾಟಬಾರದು.

ಕನ್ನಡ ಅರ್ಜಿ ವಾಪಸ್ ಕೊಟ್ಟಿದ್ದು ಮಾತ್ರ ತಪ್ಪು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಇರುವ ಕಡೆಯ ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿಯಲ್ಲಿ ಆ ಕಾಯ್ದೆಯ ಹೆಸರು ಒಂದು ಸಾಲು ಬರೆಯಿರಿ, ಕೌಂಟರಿನಲ್ಲಿ ಸುಮ್ನೆ ಜಗಳ ಬೇಡ. ರಸೀದಿ ಮಾತ್ರ ಬಿಡದೆ ಕೇಳಿ ತಗೊಳ್ಳಿ. ಅದನ್ನೂ ಕೊಡದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ.