ಮಾಸ್ತರ ಮೂಗಿನ ಹುಡುಕಾಟ

ಊರಿನ ಓಣಿ, ಮನೆಯ ವಿವರ, ವಯಸ್ಸು ಎಲ್ಲ ಬದಲಿಸಿದ್ದೇನೆ. ಮೂಗಿನ ವಿಷಯ ಮಾತ್ರ ಬದಲಿಸಿಲ್ಲ. ಬರೆದದ್ದನ್ನು ಮಾಸ್ತರಿಗೇ ಓದಿಸಿ ಒಪ್ಪಿಗೆ ಪಡೆದಿದ್ದೇನೆ. ಅವರು ಒಂದೇ ತಿದ್ದುಪಡಿ ಹೇಳಿದರು: ಪೆನ್ನುಗಳು 37 ಅಲ್ಲ, 39.

ನಾನು ಆಪ್ತಸಮಾಲೋಚಕಿ. ಕಲಬುರಗಿಯ ನನ್ನ ಕೋಣೆಗೆ ಮೊದಲು ಬಂದವರು ಮಾಸ್ತರಲ್ಲ, ಅವರ ಹೆಂಡತಿ. ಮೇ ತಿಂಗಳ ಮಧ್ಯಾಹ್ನ. ನಮ್ಮೂರ ಬಿಸಿಲು ಗೊತ್ತಲ್ಲ, ತಲೆಗೆ ಸೆರಗು ಸುತ್ತಿಕೊಂಡು ಬಂದವರು ಮೊದಲು ಒಂದು ತಂಬಿಗೆ ನೀರು ಕುಡಿದರು. ಆಮೇಲೆ ಹೇಳಿದರು: "ಅಕ್ಕಾರ, ಇವ್ರು ಎಂಟು ತಿಂಗಳಿಂದ ಮೂಗು ಹುಡುಕ್ಲತ್ತಾರ್ರಿ."

ನಾನು ನೋಟ್‌ಬುಕ್ಕಿನಲ್ಲಿ "ಮೂಗು? ವಾಸನೆ?" ಅಂತ ಬರೆದುಕೊಂಡೆ. ಇಲ್ಲದ ವಾಸನೆ ಬರುವುದು ಕೆಲವೊಮ್ಮೆ ನರದ ತೊಂದರೆಯ ಗುರುತು. ಮೊದಲು ಡಾಕ್ಟರ ಹತ್ತಿರ ಕಳಿಸಬೇಕೇನೋ ಅಂದುಕೊಳ್ಳುವಷ್ಟರಲ್ಲಿ ಅವರು ಚೀಲದಿಂದ ಒಂದು ಕಟ್ಟು ಹಾಳೆ ತೆಗೆದು ಮೇಜಿನ ಮೇಲೆ ಹಾಕಿದರು. ಹಾಳೆ ತುಂಬ ಮೂಗು. ಮುಖ ಇಲ್ಲ, ಬರೀ ಮೂಗು. ಹಸಿಮೆಣಸಿನಕಾಯಿ ಥರದ್ದು, ಬದನೆಕಾಯಿ ಥರದ್ದು, ಹೀರೆಕಾಯಿ ಥರದ್ದು. "ಸಂತಿ ತಂದ್ರ ಕಾಯಿಪಲ್ಲೆ ಮೊದಲ ಮೂಗಿಗೆ ಹೋಗ್ತಾವರಿ, ಆಮೇಲೆ ಒಲೀಗೆ," ಅಂದರು.

ಗಂಡ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ವಯಸ್ಸು 46, ಕೆಲಸಕ್ಕೆ ಸೇರಿ 22 ವರ್ಷ. ಹವ್ಯಾಸಕ್ಕೆ ವ್ಯಂಗ್ಯಚಿತ್ರ ತೆಗೆಯುತ್ತಾರೆ. ನಮ್ಮ ಕಡೆ ಚಿತ್ರವನ್ನು ಬರೆಯುವುದಿಲ್ಲ, ತೆಗೆಯುತ್ತೇವೆ. ಒಳಗೆ ಇದ್ದದ್ದನ್ನು ಹೊರಗೆ ತೆಗೆದ ಹಾಗೆ. ಮಾಸ್ತರ ಕಷ್ಟ ಏನೆಂದರೆ, ಒಳಗೆ ತಮ್ಮದು ಅಂತ ಏನೂ ಇಲ್ಲ ಅನ್ನುವ ಹೆದರಿಕೆ.

ಅದು ಶುರುವಾದದ್ದು ಒಂದು ಸಾಲಿನಿಂದ. ಒಂದು ಪತ್ರಿಕೆಯವರು ಅವರ ಚಿತ್ರವನ್ನು ವಾಪಸ್ ಕಳಿಸಿ, "ಚೆನ್ನಾಗಿದೆ, ಆದರೆ ಎಲ್ಲೋ ನೋಡಿದ ಹಾಗಿದೆ, ನಿಮ್ಮದೇ ಶೈಲಿ ಬೆಳೆಸಿಕೊಳ್ಳಿ" ಅಂತ ಬರೆದಿದ್ದರು. ಬರೆದವರಿಗೆ ಬಹುಶಃ ಅರ್ಧ ನಿಮಿಷದ ಕೆಲಸ. ಮಾಸ್ತರು ಆ ಚೀಟಿಯನ್ನು ಮಡಿಸಿ ಪಾಕೀಟಿನಲ್ಲಿಟ್ಟುಕೊಂಡರು. ಮಡಿಕೆಯ ಜಾಗದಲ್ಲಿ ಅದು ಹರಿದು ಎರಡಾಗಿದೆ. ಈಗಲೂ ಎರಡನ್ನೂ ಇಟ್ಟುಕೊಂಡಿದ್ದಾರೆ. ಅಂದಿನಿಂದ ತಮ್ಮದೇ ಅನ್ನುವಂಥ ಒಂದು ಮೂಗಿನ ಹುಡುಕಾಟ.

ಮುಂದಿನ ವಾರ ಮಾಸ್ತರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಆರು ಪೆನ್. ಎಂಟು ತಿಂಗಳ ಕಥೆಯನ್ನು ಪಾಠ ಮಾಡಿದ ಹಾಗೆ ಸಾಲಾಗಿ ಹೇಳಿದರು. ನಾನು ನಗಬಾರದು. ಎರಡು ಸಲ ನೀರು ಕುಡಿಯುವ ನೆವದಲ್ಲಿ ಮುಖ ಮುಚ್ಚಿಕೊಂಡೆ. ಮೂರನೇ ಸಲ ಅವರೇ ನಕ್ಕರು, ನಾನೂ ನಕ್ಕುಬಿಟ್ಟೆ.

ಮೊದಲು ಎಡಗೈಯಲ್ಲಿ ತೆಗೆಯುವ ಪ್ರಯೋಗ. ಎಡಗೈಗೆ ಯಾರ ಅಭ್ಯಾಸವೂ ಇಲ್ಲವಲ್ಲ, ಅದು ಶುದ್ಧವಾಗಿರುತ್ತದೆ ಅನ್ನುವ ಲೆಕ್ಕ. ರೂಢಿಯಾಗಲಿ ಅಂತ ಕಿರಾಣಿ ಚೀಟಿಯನ್ನೂ ಎಡಗೈಯಲ್ಲೇ ಬರೆದರು. ಅಂಗಡಿಯವನು ಸಾಸಿವೆ ಬದಲು ಸಬ್ಬಕ್ಕಿ ಕೊಟ್ಟ. ಆಮೇಲೆ, ನಮ್ಮ ನೆಲದ್ದೇ ಶೈಲಿ ಬೇಕು ಅನ್ನಿಸಿ ಬಸ್ ಹತ್ತಿ ಬೀದರ್‌ಗೆ ಹೋಗಿ ಬಂದರು. ಬಿದ್ರಿ ಕೆಲಸ ನೋಡಿದ್ದೀರಲ್ಲ? ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೇ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಾಸ್ತರು ಇದನ್ನು ಕಾಗದದ ಮೇಲೆ ತರಲು ಹೊರಟರು. ಹಾಳೆಯೆಲ್ಲ ಕಪ್ಪು, ಗೆರೆ ಮಾತ್ರ ಬಿಳಿ. ಎರಡು ಚಿತ್ರಕ್ಕೆ ಮೂರು ಬಾಟಲಿ ಇಂಕು ಮುಗಿಯಿತು. ಹಾಳೆ ಒದ್ದೆಯಾಗಿ ಹಪ್ಪಳದ ಹಾಗೆ ಸುರುಳಿ ಸುತ್ತಿತು.

ಅದಾದ ಮೇಲೆ ನಮ್ಮೂರವರೇ ಆದ ಎಸ್.ಎಂ. ಪಂಡಿತರ ಸರದಿ. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರ್ ದೇವರುಗಳಿಂದ ದೇಶಕ್ಕೆಲ್ಲ ಪರಿಚಯವಾದವರು. ಮಾಸ್ತರು ಅವರ ಬೆಳಕು-ನೆರಳನ್ನು ಒಬ್ಬ ಪುಢಾರಿಯ ವ್ಯಂಗ್ಯಚಿತ್ರಕ್ಕೆ ಹಾಕಿದರು. ಪಕ್ಕದ ಮನೆ ಅಜ್ಜಿ ನೋಡಿ, ಯಾವ ದೇವರೋ ಅಂತ ಕೈ ಮುಗಿದಳು.

ಏಪ್ರಿಲ್‌ನಲ್ಲಿ ಮಾತ್ರ ನಾಲ್ಕು ದಿನ ಶೈಲಿ ಸಿಕ್ಕೇಬಿಟ್ಟಿತ್ತು. ಗೆರೆ ತುಂಡು ತುಂಡಾಗಿ ಬರುತ್ತಿತ್ತು, ನೋಡಲು ಭಾಳ ಛಂದ. ಐದನೇ ದಿನ ಸಂಜೆ ಮಳೆ ಬಂತು, ಗಾಳಿ ತಂಪಾಯಿತು, ಗೆರೆ ಮತ್ತೆ ಸರಾಗ ಬಂತು. ಬಿಸಿಲಿಗೆ ಇಂಕು ನಿಬ್ಬಿನಲ್ಲೇ ಒಣಗುತ್ತಿತ್ತು, ಅಷ್ಟೇ. "ನಂದು ಶೈಲಿ ಅಲ್ಲರಿ, ಅದು ಹವಾಮಾನ," ಅಂದರು.

ಇಷ್ಟು ಕೇಳಿದರೆ ಮೋಜಿನ ಮನುಷ್ಯ ಅನ್ನಿಸುತ್ತದೆ. ಮೋಜಿನವರೇ. ಆದರೆ ಎಂಟು ತಿಂಗಳಲ್ಲಿ ಒಂದೂ ಪೂರ್ತಿ ಚಿತ್ರ ಎಲ್ಲಿಗೂ ಹೋಗಿರಲಿಲ್ಲ. ರಾತ್ರಿ ಎರಡರವರೆಗೆ ನಿದ್ದೆ ಇಲ್ಲ. ಇನ್ನೊಂದು ಸಂಗತಿಯನ್ನು ಹೆಂಡತಿ ಹೇಳಿದ್ದರು, ಮಾಸ್ತರು ಹೇಳಲಿಲ್ಲ. ಹನ್ನೊಂದು ವರ್ಷದ ಮಗಳು ಒಂದು ದಿನ ಐದೇ ನಿಮಿಷದಲ್ಲಿ ಅಪ್ಪನ ಚಿತ್ರ ತೆಗೆದಳು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಾಸ್ತರು ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಹುಡುಗಿ ಬಣ್ಣದ ಪೆನ್ಸಿಲ್ಲುಗಳನ್ನು ಹಾಸಿಗೆ ಕೆಳಗೆ ಬಚ್ಚಿಟ್ಟಳು. ನನಗೆ ಚಿಂತೆಯಾದದ್ದು ಮೂಗುಗಳಿಂದಲ್ಲ, ಇದರಿಂದ.

ಊಟ, ಕೆಲಸ, ಹುರುಪು ಎಲ್ಲ ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ನನಗೆ ಕಂಡದ್ದು ಜಾಣತನದ ಒಂದು ಅಡಗುತಾಣ. ಶೈಲಿ ಸಿಗುವವರೆಗೆ ಚಿತ್ರ ಕಳಿಸುವ ಹಾಗಿಲ್ಲ. ಕಳಿಸದಿದ್ದರೆ ವಾಪಸ್ ಬರುವ ಭಯವೂ ಇಲ್ಲ. ಹುಡುಕುವವರೆಗೆ ಸೋಲಿಲ್ಲ. ಇದನ್ನು ಅವರಿಗೆ ಮುಖಕ್ಕೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಲೆಕ್ಕ ಬರೋಬ್ಬರಿ ಅದರಿ," ಅಂದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಯಾರನ್ನೂ ನಕಲು ಮಾಡಬೇಡಿ, ಮನಸ್ಸಿಗೆ ಬಂದದ್ದನ್ನು ತೆಗೆಯಿರಿ ಅಂದುಬಿಟ್ಟೆ. ಕೇಳಲು ಹಿತವಾದ ಮಾತು. ಮುಂದಿನ ವಾರ ಅವರು ಖಾಲಿ ನೋಟ್‌ಬುಕ್ ಹಿಡಿದು ಬಂದರು. "ಮೇಡಂ, ನಿಮ್ಮ ಮಾತು ಕೇಳಿ ಇದ್ದದ್ದೂ ಹೋತರಿ." ಬಿಳಿ ಹಾಳೆ ಮುಂದೆ ಕುಳಿತರೆ ಎಲ್ಲರ ಗೆರೆಯೂ ನೆನಪಾಗುತ್ತಿತ್ತು. ಪ್ರತಿಯೊಂದಕ್ಕೂ, ಇದು ನಂದಲ್ಲ, ಇದು ನಂದಲ್ಲ ಅಂತ ಕಾಟು ಹಾಕುತ್ತಿದ್ದರು. ಮಂಗನ ನೆನೆಯದೆ ಔಷಧಿ ಕುಡಿ ಅಂದ ಹಾಗಾಗಿತ್ತು ನನ್ನ ಸಲಹೆ.

ತಪ್ಪಾಯಿತು ಅಂತ ಹೇಳಿ, ಸಲಹೆಯನ್ನು ಪೂರ್ತಿ ತಿರುಗಿಸಿದೆ. ನಕಲು ಮಾಡಿ. ಆದರೆ ಒಬ್ಬರನ್ನೇ, ಒಂದು ತಿಂಗಳು, ಮೋಸವಿಲ್ಲದೆ. ಆಮೇಲೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು, ಎಲ್ಲೆಲ್ಲಿ ತಪ್ಪಿದೆ ಅಂತ ಕೆಂಪು ಪೆನ್ನಿನಿಂದ ಗುರುತು ಹಾಕಿ. ಮಾಸ್ತರಿಗೆ ಕೆಂಪು ಪೆನ್ನು ಅಂದರೆ ಕೈಗೆ ಜೀವ ಬಂದ ಹಾಗೆ.

ಅವರು ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣ್ ಅವರನ್ನು. ಮೈಸೂರಿನವರು, ಮುಂಚೆ ನಮ್ಮ ಕನ್ನಡದ ಹಾಸ್ಯಪತ್ರಿಕೆ ಕೊರವಂಜಿಗೂ ಚಿತ್ರ ತೆಗೆದವರು. ಚಿಕ್ಕವರಿದ್ದಾಗ ಬ್ರಿಟನ್ನಿನ ಡೇವಿಡ್ ಲೋ ಅವರ ಚಿತ್ರಗಳೆಂದರೆ ಲಕ್ಷ್ಮಣ್‌ಗೆ ಹುಚ್ಚು. ಕೆಳಗಿನ 'ಲೋ' ಅನ್ನುವ ಸಹಿಯನ್ನು ಬಹಳ ದಿನ 'ಕೌ' ಅಂತಲೇ ಓದುತ್ತಿದ್ದರಂತೆ. ಅಂದರೆ ಗುರು ಹಸುವೋ ಮನುಷ್ಯನೋ ಅಂತ ಗೊತ್ತಿಲ್ಲದೆಯೇ ಕಲಿತರು! ಇದನ್ನು ಕೇಳಿ ಮಾಸ್ತರು ಜೋರಾಗಿ ನಕ್ಕರು. ಇನ್ನೊಂದನ್ನೂ ಹೇಳಿದೆ. ಲಕ್ಷ್ಮಣ್ ಮೊದಮೊದಲು ದೇಶದ ನಾನಾ ಕಡೆಯ ಜನರನ್ನೆಲ್ಲ ಚಿತ್ರದೊಳಗೆ ತುಂಬುತ್ತಿದ್ದರು. ದಿನಾ ಪತ್ರಿಕೆಗೆ ಕೊಡಬೇಕು, ಹೊತ್ತು ಸಾಲದು. ಒಬ್ಬೊಬ್ಬರನ್ನೇ ಬಿಡುತ್ತ ಬಂದು, ಕೊನೆಗೆ ಉಳಿದವನು ಚೌಕಳಿ ಕೋಟು, ಧೋತರದ ಆ ಒಬ್ಬ ಮುದುಕ. ಸಾಮಾನ್ಯ ಮನುಷ್ಯ. ಅವನನ್ನು ಹುಡುಕಿಕೊಂಡು ಯಾರೂ ಹೋಗಿರಲಿಲ್ಲ.

ಹಾಗಾದರೆ ಮಾಸ್ತರಿಗೂ ಹೊತ್ತು ಸಾಲದ ಹಾಗೆ ಮಾಡಬೇಕಿತ್ತು. ಹೆಂಡತಿ ಸಂಜೆ ಬ್ಯಾಳಿ ಕುಕ್ಕರಿಗೆ ಇಟ್ಟಾಗ ಶುರು, ನಾಲ್ಕನೇ ಸೀಟಿಗೆ ಪೆನ್ ಕೆಳಗೆ. "ನಮ್ಮ ಕಲಬುರಗಿ ತೊಗರಿ ಜಲ್ದಿ ಬೇಯ್ತದರಿ, ಟೈಮ್ ಸಾಲಂಗಿಲ್ಲ," ಅಂತ ತಕರಾರು ತೆಗೆದರು. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಬೇಳೆ, ಅದರ ಮೇಲೆ ತಕರಾರು ನಡೆಯುವುದಿಲ್ಲ ಅಂದೆ. 39 ಪೆನ್ನುಗಳಲ್ಲಿ ಒಂದು ಮಾತ್ರ ಹೊರಗೆ, ಉಳಿದವು ಕಪಾಟಿನಲ್ಲಿ, ಚಾವಿ ಮಗಳ ಹತ್ತಿರ. 'ಶೈಲಿ' ಅನ್ನುವ ಶಬ್ದ ಬಾಯಿಗೆ ಬಂದರೆ ಡಬ್ಬಿಗೆ ಹತ್ತು ರೂಪಾಯಿ. ಮೊದಲ ವಾರ 140 ರೂಪಾಯಿ ಕೂಡಿತ್ತು, ಅದರಲ್ಲಿ 20 ಹೆಂಡತಿಯದು. ಶಾಲೆ ಶುರುವಾದ ಮೇಲೆ ಪ್ರತಿ ಶುಕ್ರವಾರ ಒಂದು ಚಿತ್ರ, ಹೇಗೇ ಇರಲಿ, ಸ್ಟಾಫ್ ರೂಮಿನ ಗೋಡೆಗೆ ಅಂಟಿಸಬೇಕು. ಮನೆಯವರು ಹೊಗಳಬಾರದು, ಗೇಲಿಯೂ ಮಾಡಬಾರದು. ಏನು ಕಂಡಿತೋ ಅಷ್ಟನ್ನೇ ಹೇಳಬೇಕು.

ಮಗಳ ವಿಷಯಕ್ಕೆ ಬೇರೆ ಕೆಲಸ ಕೊಟ್ಟೆ. ಭಾನುವಾರ ಅವಳ ಮುಂದೆ ಅರ್ಧ ತಾಸು ಅಲುಗಾಡದೆ ಕೂರಬೇಕು, ಅವಳು ಅಪ್ಪನ ಚಿತ್ರ ತೆಗೆಯಬೇಕು. ಮಾಸ್ತರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಎರಡು ಭಾನುವಾರ ನೆವ ಹೇಳಿದರು. ಮೂರನೇ ಭಾನುವಾರ ಕುಳಿತರು. ಅಲ್ಲಿ ಏನು ಮಾತಾಯಿತು ಅಂತ ನನಗೆ ಹೇಳಿಲ್ಲ, ನಾನೂ ಕೇಳಲಿಲ್ಲ.

ತಿಂಗಳ ಕೊನೆಗೆ 26 ನಕಲು ತಂದರು. ತಮಗೆ ತಾವೇ ಅಂಕ ಕೊಟ್ಟುಕೊಂಡಿದ್ದರು, ಹೆಚ್ಚಿನದಕ್ಕೆಲ್ಲ 35, ಜಸ್ಟ್ ಪಾಸ್. ಹಾಳೆಗಳನ್ನು ನೆಲದ ಮೇಲೆ ಹರವಿದೆವು. ಕೆಂಪು ಗುರುತು ಎಲ್ಲ ಕಡೆ ಚೆದುರಿರುತ್ತದೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಹತ್ತೊಂಬತ್ತರಲ್ಲಿ ತಪ್ಪು ಕಿವಿಯಲ್ಲೇ ಇತ್ತು. ಮೂಲದಲ್ಲಿ ಒಂದು ಸಣ್ಣ ಬಾಗು ಗೆರೆಯಷ್ಟೇ ಇದ್ದ ಕಡೆ ಮಾಸ್ತರ ಕಿವಿ ದೊಡ್ಡದಾಗಿ, ಒಳಗಿನ ಮಡಿಕೆ, ತೂತು, ಕೆಳಗಿನ ತೊಗಲು ಎಲ್ಲ ಸಮೇತ ಕೂತಿತ್ತು. ತಾವು ಹಾಗೆ ತೆಗೆಯುತ್ತಿದ್ದದ್ದು ಅವರಿಗೇ ತಿಳಿದಿರಲಿಲ್ಲ.

"ಕಿವಿರಿ?" ಅಂದರು. "ಎಂಟು ತಿಂಗಳು ಮೂಗಿಗೆ ಬಡಕೊಂಡು, ಕಡೀಕ ಕಿವಿ?"

22 ವರ್ಷ ಗಣಿತದ ಮಾಸ್ತರು. ಮೊದಲ ವರ್ಷಗಳಲ್ಲಿ ಎಷ್ಟು ಕಿವಿ ಹಿಂಡಿದ್ದಾರೋ ಅವರಿಗೇ ಲೆಕ್ಕವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಕೈ ನಿಂತಿತು. ಕಣ್ಣು ನಿಲ್ಲಲಿಲ್ಲ. ಯಾವ ಹುಡುಗನ ಕಿವಿ ಸುಳ್ಳು ಹೇಳುವಾಗ ಕೆಂಪಾಗುತ್ತದೆ ಅಂತ ಈಗಲೂ ಹೇಳಬಲ್ಲರು. ಇದನ್ನೆಲ್ಲ ಅವರೇ ಹೇಳಿದರು, ಸ್ವಲ್ಪ ನಾಚಿಕೆಯಿಂದ. ನಾನು ಅದಕ್ಕೆ ಯಾವ ಹೆಸರೂ ಇಡಲಿಲ್ಲ. ಇಟ್ಟಿದ್ದರೆ ಡಬ್ಬಿಗೆ ಹತ್ತು ರೂಪಾಯಿ ನಾನೇ ಹಾಕಬೇಕಿತ್ತು.

ಜೂನ್‌ನ ಮೊದಲ ಶುಕ್ರವಾರದ ಚಿತ್ರ, ಪ್ರಾರ್ಥನೆ ಹೊತ್ತಿಗೆ ಕೆಟ್ಟುನಿಂತ ಲೌಡ್‌ಸ್ಪೀಕರಿಗೆ ಕಿವಿಕೊಟ್ಟು ಬಗ್ಗಿದ ಹೆಡ್‌ಮಾಸ್ತರದ್ದು. ನನ್ನ ಅಭಿಪ್ರಾಯ ಕೇಳಿದರೆ, ಅಂಥ ಒಳ್ಳೇ ಚಿತ್ರವೇನಲ್ಲ. ಹೆಡ್‌ಮಾಸ್ತರು ಬಂದು ನೋಡಿ, "ನನ್ನ ಕಿವಿ ಹಿಂಗ ಅದಾವೇನ್ರಿ?" ಅಂತ ಒಬ್ಬೊಬ್ಬರನ್ನೇ ಕೇಳಿದರಂತೆ. ಆ ದಿನವೆಲ್ಲ ಕಿವಿ ಮುಟ್ಟಿಕೊಳ್ಳುತ್ತಲೇ ಇದ್ದರಂತೆ.

ಐದನೇ ಭೇಟಿ ಕೊನೆಯದು. ಮಗಳ ಫೀಸು, ಮಳೆ ತಡವಾದದ್ದು, ಅಣ್ಣನ ಹೊಲದ ಬಿತ್ತನೆ, ಎಲ್ಲ ಮಾತಾಡಿದ ಮೇಲೆ, ಅದೇ ಪತ್ರಿಕೆಗೆ ಮತ್ತೊಂದು ಚಿತ್ರ ಕಳಿಸಿದ್ದೆ, ವಾಪಸ್ ಬಂತು ಅಂದರು. ಈ ಸಲ ಚೀಟಿ ಕೂಡ ಇರಲಿಲ್ಲವಂತೆ. ಆಮೇಲೆ ಮತ್ತೆ ಬಿತ್ತನೆ ವಿಷಯಕ್ಕೇ ಹೋದರು. ನಾನು ನೋಟ್‌ಬುಕ್ಕಿನಲ್ಲಿ "ನಿದ್ದೆ: 10:30ಕ್ಕೆ" ಅಂತ ಬರೆದುಕೊಂಡು, ಇನ್ನು ಬರುವ ಅಗತ್ಯವಿಲ್ಲ ಅಂದೆ.

ಹೋಗುವಾಗ ಒಂದು ಮಡಿಸಿದ ಹಾಳೆ ಕೊಟ್ಟರು. ನನ್ನ ಚಿತ್ರ. ಎರಡು ಕಿವಿಗಳೂ ಮೊರದಗಲ. ಅದಕ್ಕೆ ನಾನು ತಯಾರಾಗಿದ್ದೆ. ಕಣ್ಣು ಮಾತ್ರ ಎದುರಿಗೆ ಕುಳಿತವರನ್ನು ಬಿಟ್ಟು, ಪಕ್ಕದ ಗೋಡೆಯ ಗಡಿಯಾರ ನೋಡುತ್ತಿತ್ತು. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಯಾರ ಗಮನಕ್ಕೂ ಬರುವುದಿಲ್ಲ ಅಂದುಕೊಂಡಿದ್ದೆ.

ಮರುದಿನವೇ ಗಡಿಯಾರವನ್ನು ಬಂದವರ ಕುರ್ಚಿಯ ಹಿಂದಿನ ಗೋಡೆಗೆ ಹಾಕಿಸಿದೆ.